ಬ್ಯಾಗ್ ಬರಲಿಲ್ಲವೇ? ನಂಬರ್ ಪಡೆಯದೆ ಹೊರಗೆ ಬರಬೇಡಿ

ದುಬೈ, ದಮ್ಮಾಮ್‌ನಲ್ಲಿ ದುಡಿದು ಎರಡು ವರ್ಷಕ್ಕೊಮ್ಮೆ ಊರಿಗೆ ಬರುವವರ ಬ್ಯಾಗಿನಲ್ಲಿ ಮನೆಮಂದಿಗೆಲ್ಲ ತಂದ ಸಾಮಾನು ಇರುತ್ತದೆ. ಅದು ಮಂಗಳೂರಿನ ಬೆಲ್ಟ್ ಮೇಲೆ ಬಾರದಿದ್ದಾಗ ‘ಮನೆಗೆ ಹೋಗಿ, ಫೋನ್ ಮಾಡ್ತೇವೆ’ ಎಂಬ ಮಾತು ನಂಬಿ ಎಷ್ಟೋ ಮಂದಿ ಹೊರಟುಬಿಡುತ್ತಾರೆ.

ಹೊರಡಬೇಡಿ. ವಿಮಾನ ಕಂಪನಿಯ ಕೌಂಟರಿನಲ್ಲೇ ಪಿಐಆರ್ ಎಂಬ ದೂರು ಬರೆಸಿ, ಅದರ ನಂಬರ್ ಪಡೆಯಿರಿ. ಬೋರ್ಡಿಂಗ್ ಪಾಸ್, ಬ್ಯಾಗ್ ಟ್ಯಾಗ್ ಎಸೆಯಬೇಡಿ, ಮೊಬೈಲಿನಲ್ಲಿ ಫೋಟೊ ಇರಲಿ.

ಭಾರತವೂ ಸೇರಿರುವ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, 21 ದಿನವಾದರೂ ಬ್ಯಾಗ್ ಬಾರದಿದ್ದರೆ ಪರಿಹಾರ ಕೇಳಬಹುದು. ಹರಿದು ಬಂದರೆ 7 ದಿನದೊಳಗೆ, ತಡವಾಗಿ ಬಂದರೆ ಕೈಗೆ ಸಿಕ್ಕ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ಕಿಲೋಗೆ ಇಷ್ಟೇ ಎಂದು ಯಾರಾದರೂ ಸಾಗಹಾಕಿದರೆ ಒಪ್ಪಬೇಡಿ, ಅದು ಹಳೆಯ ವಾರ್ಸಾ ಒಪ್ಪಂದದ ಲೆಕ್ಕ. ಈಗಿನ ಗರಿಷ್ಠ ಮಿತಿ ತಲೆಗೆ ಲಕ್ಷ ರೂಪಾಯಿಗೂ ಮೇಲೆ. ಆದರೆ ಅಷ್ಟೂ ತಾನಾಗಿ ಸಿಗುವುದಿಲ್ಲ, ನಷ್ಟಕ್ಕೆ ಬಿಲ್ ತೋರಿಸಬೇಕು. (ಚಿನ್ನ ಮಾತ್ರ ಕೈಚೀಲದಲ್ಲೇ ಇರಲಿ.)

ಟಿಕೆಟ್ ಮಾಡಿಸಿ ಕಮಿಷನ್ ಪಡೆಯುವ ಏಜೆಂಟರು ಇಷ್ಟನ್ನಾದರೂ ಹೇಳಿ ಕಳಿಸಬೇಕು. ದೂರಿನ ಫಾರಂ ಕನ್ನಡದಲ್ಲೂ ಇರಬೇಕು. ಓದಲು ಬಾರದ ಕಾಗದಕ್ಕೆ ಸಹಿ ಹಾಕಿಸಿಕೊಂಡು ‘ನೀವೇ ಒಪ್ಪಿದ್ದೀರಿ’ ಎನ್ನುವುದನ್ನು ನಾವು ನ್ಯಾಯ ಎನ್ನುವುದಿಲ್ಲ.