ಹಳೆಯ ಷೇರುಪತ್ರಗಳಿಗೆ ಗಡಿ ಊರುಗಳಲ್ಲೂ ಶಿಬಿರ ನಡೆಯಲಿ



ಷೇರು ಕೊಳ್ಳುವುದು ಈಗ ಮೊಬೈಲಿನಲ್ಲೇ ಮುಗಿಯುವ ಕೆಲಸ. ಬೀರುವಿನಲ್ಲಿ ಕಾಗದವಾಗಿ ಉಳಿದ ಹಳೆಯ ಷೇರುಗಳ ಪಾಡು ಬೇರೆ. 2019ರ ಏಪ್ರಿಲ್ 1ರಿಂದ ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳ ಕಾಗದದ ಷೇರುಗಳನ್ನು ಮಾರಬೇಕಾದರೆ ಮೊದಲು ಡಿಮ್ಯಾಟ್ ಖಾತೆಗೆ ಸೇರಿಸಬೇಕು. ಅದೇ ದಿನ ವಿಜಯಾ ಬ್ಯಾಂಕ್ ವಿಲೀನವಾಗಿ, ಅದರ 1000 ಷೇರಿಗೆ ಬ್ಯಾಂಕ್ ಆಫ್ ಬರೋಡಾದ 402 ಷೇರು ನಿಗದಿಯಾದವು. ಮರುವರ್ಷ ಸಿಂಡಿಕೇಟ್ ಬ್ಯಾಂಕಿನ 1000 ಷೇರಿಗೆ ಕೆನರಾ ಬ್ಯಾಂಕಿನ 158 ಸಿಕ್ಕವು. ಬ್ಯಾಂಕಿನ ಹೆಸರೇ ಅಳಿಯಿತೆಂದು ಆ ಪತ್ರಗಳನ್ನು ರದ್ದಿಗೆ ಹಾಕುವುದು ದೊಡ್ಡ ತಪ್ಪು.

ಸತತ ಏಳು ವರ್ಷ ಲಾಭಾಂಶ ಪಡೆಯದಿದ್ದರೆ ಷೇರುಗಳೇ ಕೇಂದ್ರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ (ಐಇಪಿಎಫ್) ಸೇರುತ್ತವೆ. ಆಗಲೂ ಹಕ್ಕು ಹೋಗುವುದಿಲ್ಲ. ಕಂಪನಿಯಿಂದ ಅರ್ಹತಾ ಪತ್ರ ಪಡೆದು, ಐಇಪಿಎಫ್-5 ನಮೂನೆಯನ್ನು ಶುಲ್ಕವಿಲ್ಲದೆ ಸಲ್ಲಿಸಿದರೆ ವಾರಸುದಾರರೂ ಹಿಂಪಡೆಯಬಹುದು. ಇದನ್ನು ತಿಳಿಸುವವರಿಲ್ಲದೆಡೆ ದಲ್ಲಾಳಿಗಳು ಪಾಲು ಕೇಳುತ್ತಾರೆ.

ಆಂಧ್ರದ ಗಡಿ ಊರುಗಳಾದ ಹಿಂದೂಪುರ, ಕಲ್ಯಾಣದುರ್ಗದ ಎಷ್ಟೋ ಕುಟುಂಬಗಳಿಗೆ ಮನೆಮಾತು ಕನ್ನಡ, ಕಂದಾಯ ಕಚೇರಿಯ ಕಾಗದ ತೆಲುಗು, ಕಂಪನಿಯ ನಮೂನೆ ಇಂಗ್ಲಿಷ್. ವಯಸ್ಸಾದವರಿಗೆ, ವಿಧವೆಯರಿಗೆ ಈ ಮೂರನ್ನೂ ದಾಟುವುದು ಬಹಳ ಕಷ್ಟ. 2025ರಲ್ಲಿ ಪುಣೆ, ಹೈದರಾಬಾದ್‌ಗಳಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ ಮತ್ತು ಆ ನಿಧಿಯ ಪ್ರಾಧಿಕಾರ ಹೂಡಿಕೆದಾರರ ಶಿಬಿರ ನಡೆಸಿದವು. ಅಂಥ ಶಿಬಿರ ಈ ಎರಡು ಊರುಗಳಿಗೂ ಬರಲಿ; ಕನ್ನಡ, ತೆಲುಗು ಎರಡರಲ್ಲೂ ಮಾಹಿತಿ ಹಾಗೂ ಅರ್ಜಿ ತುಂಬಲು ನೆರವು ಒದಗಿಸಬೇಕೆಂದು ಸಂಬಂಧಪಟ್ಟ ಅಧಿಕಾರಿಗಳಲ್ಲಿ ವಿನಂತಿ.

– ಓದುಗ, ಹಿಂದೂಪುರ