ಬಿದ್ದ ಕಲ್ಲಿಗೆ ವಾರಸುದಾರರಿಲ್ಲ!

ನಮ್ಮ ಕಡೆಯ ವಾಟರ್ ಸರ್ವಿಸ್‌ಗಳಲ್ಲಿ ಈ ಬೋರ್ಡ್ ನೀವೂ ನೋಡಿರ್ತೀರಿ: "ವಾಹನದಲ್ಲಿರುವ ವಸ್ತುಗಳಿಗೆ ನಾವು ಜವಾಬ್ದಾರರಲ್ಲ". ಪರ್ಸು, ಚಾರ್ಜರು ಕಳೆದರೆ ನಮ್ಮನ್ನು ಕೇಳಬೇಡಿ ಅಂತ ಅರ್ಥ. ಸರಿ, ಆದರೆ ಆ "ವಸ್ತು"ವೇ ಹಾರಿ ಬಂದು ಇನ್ನೊಬ್ಬರಿಗೆ ಬಡಿದರೆ ಯಾರು ಜವಾಬ್ದಾರರು? ಅದನ್ನು ಯಾವ ಬೋರ್ಡೂ ಹೇಳುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ ನಮ್ಮ ಭಾವ ಕಾರು ತೊಳೆಸಲು ಕೊಟ್ಟಿದ್ದರು. ಪಕ್ಕದಲ್ಲೇ ಒಂದು ಪಿಕಪ್. ಜಲ್ಲಿ ಹೊತ್ತು ಬಂದದ್ದು, ಹಿಂದುಗಡೆ ಗುಡಿಸುವ ಕಷ್ಟ ಯಾರೂ ತೆಗೆದುಕೊಂಡಿರಲಿಲ್ಲ. ಹುಡುಗ ಪ್ರೆಷರ್ ಪೈಪ್ ಹಿಡಿದದ್ದೇ ತಡ, ಮೂಲೆಯಲ್ಲಿದ್ದ ಜಲ್ಲಿ ಚಿಮ್ಮಿ ಭಾವನ ಕಾರಿನ ಮುಂದಿನ ಗಾಜಿನಲ್ಲಿ ನಕ್ಷತ್ರ ಮೂಡಿತು. ಪಿಕಪ್‌ನವ "ನೀರ್ ಬಿಟ್ಟದ್ ನಾನಾ?" ಅಂದ. ಹುಡುಗ "ಜಲ್ಲಿ ತಂದದ್ ನಾನಾ?" ಅಂದ. ಅಂಗಡಿಯವರು ಮಾತೇ ಆಡಲಿಲ್ಲ, ಬೋರ್ಡಿನ ಕಡೆ ಬೆರಳು ತೋರಿಸಿದರು. ದುಡ್ಡು ಕೊಟ್ಟದ್ದು ಭಾವ.

ಆ ಬೋರ್ಡಿಗೆ ನಾವು ಕೊಡುವಷ್ಟು ಮರ್ಯಾದೆಯನ್ನು ಸುಪ್ರೀಂ ಕೋರ್ಟೂ ಕೊಟ್ಟಿಲ್ಲ. ದಿಲ್ಲಿಯ ತಾಜ್ ಮಹಲ್ ಹೋಟೆಲಿನಲ್ಲಿ 1998ರಲ್ಲಿ ಪಾರ್ಕಿಂಗ್‌ಗೆ ಕೀ ಕೊಟ್ಟ ಕಾರು ಕಳುವಾಗಿತ್ತು. ಟೋಕನ್ ಮೇಲೆ "ಮಾಲೀಕರದ್ದೇ ಜವಾಬ್ದಾರಿ" ಅಂತ ಅಚ್ಚು ಹಾಕಿತ್ತು. ಹಾಗೆ ಬರೆದ ಮಾತ್ರಕ್ಕೆ ಹೋಟೆಲು ತನ್ನ ನಿರ್ಲಕ್ಷ್ಯದ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ ಅಂತ 2019ರ ನವೆಂಬರ್‌ನಲ್ಲಿ ತೀರ್ಪು ಬಂತು. ಕೀ ತೆಗೆದುಕೊಂಡ ಮೇಲೆ ಗಾಡಿ ನೋಡಿಕೊಳ್ಳಬೇಕು, ಅಷ್ಟೆ.

ಇನ್ನು ಅಮೆರಿಕದ ಕಥೆ ಕೇಳಿ. ಅಲ್ಲಿ ಆಟೋಮ್ಯಾಟಿಕ್ ಕಾರ್ ವಾಷ್‌ಗಳಲ್ಲಿ ದೊಡ್ಡ ದೊಡ್ಡ ಬ್ರಷ್‌ಗಳು ಗಿರಗಿರ ತಿರುಗುತ್ತಿರುತ್ತವೆ. ಪಿಕಪ್‌ನ ಹಿಂದೆ ಒಂದು ಹಗ್ಗವೋ ಸಲಿಕೆಯೋ ಇದ್ದರೆ ಬ್ರಷ್ ಅದನ್ನು ಹಿಡಿದು ಎತ್ತಿ ಒಗೆಯುತ್ತದೆ. ಹಿಂದಿನ ಕಾರಿಗೂ ಪೆಟ್ಟು, ಮೆಷಿನ್ನಿಗೂ ಪೆಟ್ಟು. ಹಾಗಾಗಿ ಬಾಗಿಲಲ್ಲೇ ಬೋರ್ಡ್: ಹಿಂದೆ ಸಾಮಾನು ಇದ್ದರೆ ಖಾಲಿ ಮಾಡಿ, ಇಲ್ಲವೇ ವಾಪಸ್ ಹೋಗಿ. ಒಂದು ನೈಲಾನ್ ಬ್ರಷ್ ಹಾಳಾಗಬಾರದು ಅಂತ ಇಷ್ಟು ಮುತುವರ್ಜಿ!

ಈಗ ಹಾಲಾಡಿಯಿಂದ ಶಂಕರನಾರಾಯಣ ದಾಟಿ ಸಿದ್ದಾಪುರದವರೆಗೆ ಒಮ್ಮೆ ಬೈಕಿನಲ್ಲಿ ಬನ್ನಿ. ಮುಂದೆ ಕೆಂಪುಕಲ್ಲು ತುಂಬಿದ ಗಾಡಿ. ಹಿಂದಿನ ಡೋರ್ ಅರ್ಧ ಬಿಚ್ಚಿಕೊಂಡಿದೆ, ಮೇಲಿನ ಸಾಲು ಬಾಡಿಗಿಂತ ಎತ್ತರ. ಹಗ್ಗ ಇಲ್ಲ, ಟರ್ಪಾಲು ಇಲ್ಲ. ಒಂದೊಂದು ಕಲ್ಲು ಏನಿಲ್ಲವೆಂದರೂ 25-30 ಕಿಲೋ. ತಿರುವಿನಲ್ಲಿ ಗಾಡಿ ವಾಲಿದಾಗ ಹಿಂದೆ ಇರುವವನ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಅಂತ ಗೊತ್ತಿದ್ದವರಿಗೇ ಗೊತ್ತು. ಆ ಬ್ರಷ್‌ಗೆ ಇದ್ದ ಬೆಲೆ ನಮ್ಮ ಊರಿನ ತಲೆಗಳಿಗೆ ಇಲ್ಲವಾ ಮಾರಾಯ್ರೆ? (ಹೈವೇಗೆ ಹೋದರೆ ಮೀನು ಲಾರಿ ಸುರಿಸಿಕೊಂಡು ಹೋಗುವ ನೀರು ಬೇರೆ. ಅದು ಕಲ್ಲಿನ ಹಾಗೆ ಕಾಣಿಸುವುದೂ ಇಲ್ಲ, ಚಕ್ರ ಜಾರಿದ ಮೇಲೆಯೇ ಗೊತ್ತಾಗುವುದು.)

ಕಲ್ಲು ಬಿದ್ದ ಮೇಲೆ ಏನಾಗುತ್ತದೆ ನೋಡಿ. ಗಾಡಿ ನಿಲ್ಲುವುದಿಲ್ಲ. ರಾತ್ರಿ ಹಾಲಿನ ಡೈರಿಯಿಂದಲೋ ಯಕ್ಷಗಾನ ಮುಗಿಸಿಯೋ ಬರುವ ಯಾರೋ ಬೈಕ್ ಹತ್ತಿಸಿ ಬೀಳುತ್ತಾರೆ. "ಸ್ಕಿಡ್ ಆಗಿ ಬಿದ್ದದ್ದು" ಅಂತ ಬರೆದರೆ ಕಥೆ ಮುಗಿಯಿತು, ಪೆಟ್ಟು ತಿಂದವನದ್ದೇ ತಪ್ಪು! ಕಲ್ಲು ಒಡೆಯದೆ ಇದ್ದರೆ ಬೆಳಗಾಗುವುದರೊಳಗೆ ಯಾರದ್ದೋ ಕಾಂಪೌಂಡ್ ಸೇರಿರುತ್ತದೆ, ಸಾಕ್ಷಿಯೂ ಅಲ್ಲಿಗೆ ಖಲಾಸ್ :)

ಕಾನೂನು ಇಲ್ಲ ಅಂತ ಯಾರೂ ಹೇಳಬೇಡಿ, ಬೇಕಾದಷ್ಟು ಇದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಓದಿ. ಲೋಡು ಬಾಡಿಯ ಅಕ್ಕಪಕ್ಕಕ್ಕೆ ಚಾಚಿದ್ದರೆ ಅಥವಾ ಮಿತಿ ಮೀರಿ ಎತ್ತರಕ್ಕೆ ಹೋಗಿದ್ದರೆ 20,000 ರೂಪಾಯಿ ದಂಡ, ಜೊತೆಗೆ ಇಳಿಸುವ ಖರ್ಚು. ಓಡಿಸಿದವನಿಗೆ ಮಾತ್ರ ಅಲ್ಲ, ಓಡಿಸಲು ಬಿಟ್ಟವನಿಗೂ. ಅಂದರೆ ಧಣಿಗೂ.

ಪರಿಹಾರದ ವಿಷಯದಲ್ಲಂತೂ ಕೋರ್ಟುಗಳು ನಮಗಿಂತ ಬಹಳ ಮುಂದಿವೆ. 1987ರ ಅಕ್ಟೋಬರ್‌ನಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ, ಸಾತಾರಾ ಜಿಲ್ಲೆಯ ಕವಠೆ ಹತ್ತಿರ ಒಂದು ಪೆಟ್ರೋಲ್ ಟ್ಯಾಂಕರ್ ಲಾರಿಗೆ ಡಿಕ್ಕಿಯಾಗಿ ಮಗುಚಿತು. ಪೆಟ್ರೋಲ್ ಸೋರಿ, ಸುಮಾರು ನಾಲ್ಕು ಗಂಟೆ ಬಿಟ್ಟು ಸ್ಫೋಟವಾಗಿ ಜನ ಸತ್ತರು. ಗಾಡಿ ಓಡುತ್ತಲೇ ಇರಲಿಲ್ಲವಲ್ಲ, ಇದು ವಾಹನದ "ಬಳಕೆ"ಯಿಂದ ಆದ ಅಪಘಾತ ಹೇಗಾಗುತ್ತದೆ ಅಂತ ವಾದ ನಡೆಯಿತು. ಆಗುತ್ತದೆ ಅಂತ 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸೋರಿದ ಪೆಟ್ರೋಲಿಗೆ ಅನ್ವಯಿಸುವ ಮಾತು ಉದುರಿದ ಕಲ್ಲಿಗೆ ಯಾಕೆ ಅನ್ವಯಿಸಬಾರದು?

2001ರ ಕೌಶ್ನುಮಾ ಬೇಗಂ ಪ್ರಕರಣ ಇನ್ನೂ ಒಂದು ಹೆಜ್ಜೆ ಮುಂದೆ. ಟೈರು ಒಡೆದು ಮಗುಚಿದ ಜೀಪು ದಾರಿಹೋಕನನ್ನು ಕೊಂದಿತ್ತು. ಡ್ರೈವರನ ನಿರ್ಲಕ್ಷ್ಯ ಸಾಬೀತಾಗದಿದ್ದರೂ ಪರಿಹಾರ ಕೊಡಬೇಕು ಅಂತ ತೀರ್ಪಾಯಿತು. ಅದಕ್ಕೆ ಆಧಾರ 1868ರ ಒಂದು ಇಂಗ್ಲೆಂಡ್ ತೀರ್ಪು. ಮಿಲ್ಲಿನವನೊಬ್ಬ ಕಟ್ಟಿಸಿದ ಕೆರೆಯ ನೀರು ಪಕ್ಕದವನ ಗಣಿಗೆ ನುಗ್ಗಿದ ಕೇಸು. ನಿನ್ನ ಲಾಭಕ್ಕೆ ಅಪಾಯದ ವಸ್ತು ತಂದಿಟ್ಟುಕೊಂಡಿದ್ದೀಯ, ಅದು ತಪ್ಪಿಸಿಕೊಂಡು ಹೋದರೆ ನಷ್ಟ ನಿನ್ನದು. ಶಾಲೆಯ ಮಕ್ಕಳಿಗೂ ಅರ್ಥವಾಗುವ ನ್ಯಾಯ.

ಇಲ್ಲಿ ಒಂದು ಮಾತು ಬಂದೇ ಬರುತ್ತದೆ: "ಪಾಪ, ಡ್ರೈವರ್ ಹೊಟ್ಟೆಪಾಡು ಅಲ್ದಾ?" ಹೌದು, ಪಾಪವೇ. ದಿನಕ್ಕೆ ಎಷ್ಟು ಟ್ರಿಪ್ ಹೊಡೆದ ಅನ್ನುವುದರ ಮೇಲೆ ಅವನ ಕೂಲಿ. ಹಗ್ಗ ಬಿಗಿಯುತ್ತಾ ನಿಂತರೆ ಒಂದು ಟ್ರಿಪ್ ಕಡಿಮೆ. ಅದಕ್ಕೇ ನಾನು ಹೇಳುತ್ತಿರುವುದು, ಅವನನ್ನು ಹಿಡಿದು ಎರಡೇಟು ಹಾಕಿ ಸಮಾಧಾನ ಮಾಡಿಕೊಳ್ಳುವುದು ಬಿಡಿ. ಕಲ್ಲು ಕಡಿಸಿದವರು, ತುಂಬಿಸಿದವರು, ಟ್ರಿಪ್ ಲೆಕ್ಕ ಇಟ್ಟವರು ಮನೆಯಲ್ಲಿ ಆರಾಮಾಗಿ ಕೂತಿರುತ್ತಾರಲ್ಲ, ಅವರ ಬಾಗಿಲಿಗೆ ಬಿಲ್ ಹೋಗಬೇಕು. ಒಂದು ಟರ್ಪಾಲಿನ ಬೆಲೆಗಿಂತ ಬಿದ್ದ ಕಲ್ಲಿನ ಬೆಲೆ ಜಾಸ್ತಿಯಾದ ದಿನ ಎಲ್ಲ ಗಾಡಿಗೂ ಟರ್ಪಾಲು ತಾನಾಗಿಯೇ ಬರುತ್ತದೆ.

"ಯಾವ ಗಾಡಿಯ ಕಲ್ಲು ಅಂತ ಹುಡುಕುವುದು ಹ್ಯಾಂಗೆ?" ಅನ್ನುತ್ತೀರಿ. ಪತ್ತೆಯಾಗದ ವಾಹನದಿಂದ ಅಪಘಾತವಾದರೂ 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರವಿದೆ. "ಸ್ಕಿಡ್" ಅಂತ ಬರೆಸಿಕೊಂಡವರಿಗೆ ಅದೂ ಕೈಗೆ ಬರುವುದು ಕಷ್ಟ. ಹಾಗಾಗಿ ದೂರಿನಲ್ಲಿ ಕಲ್ಲಿನ ವಿಷಯ ಬರೆಸಿ, ಯಾರಾದರೂ ಎತ್ತಿಕೊಂಡು ಹೋಗುವ ಮೊದಲು ಫೋಟೋ ತೆಗೆಯಿರಿ.

ಆದರೆ ಹುಡುಕಲು ಆಗುವುದೇ ಇಲ್ಲ ಅನ್ನುವುದು ಶುದ್ಧ ಸೋಮಾರಿತನ. ಕಲ್ಲು ಸಾಗಿಸಲು ಗಣಿ ಇಲಾಖೆಯ ಪರ್ಮಿಟ್ ಬೇಕು. ಅದರಲ್ಲಿ ಗಾಡಿ ನಂಬರು, ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿನವರೆಗೆ ಎಲ್ಲವೂ ಇರುತ್ತದೆ, ಅದೂ ಕಂಪ್ಯೂಟರಿನಲ್ಲಿ. ದಿನವಿಡೀ ಡೇಟಾಬೇಸ್ ಕೆದಕುವವನಾಗಿ ಹೇಳುತ್ತೇನೆ, ಇಂಥ ರಸ್ತೆಯಲ್ಲಿ ಇಂಥ ಹೊತ್ತಿನಲ್ಲಿ ಯಾವ ಯಾವ ಗಾಡಿಗೆ ಪರ್ಮಿಟ್ ಇತ್ತು ಅಂತ ತೆಗೆಯುವುದು ನಾಲ್ಕು ಸಾಲಿನ ಕ್ವೆರಿ. ಪಟ್ಟಿಯಲ್ಲಿ ಐದಾರು ಗಾಡಿ ಬಂದರೆ ಐದಾರು ಜನರನ್ನು ಕರೆಸಿ ಕೇಳಿದರಾಯಿತು.

ಪಟ್ಟಿಯಲ್ಲಿ ಒಂದೂ ಗಾಡಿ ಇಲ್ಲ, ಆದರೆ ಕಲ್ಲು ಮಾತ್ರ ರಸ್ತೆಯಲ್ಲಿ ಬಿದ್ದಿದೆ ಅಂತಾದರೆ, ಆಗ ಸ್ಟೇಷನ್ನಿನವರು ಕೇಳಬೇಕಾದ ಪ್ರಶ್ನೆಯೇ ಬೇರೆ.