ಬೈಯೋಕೆ ಮೊದಲು ಬಿಡಿಸಿ ನೋಡಿ

ಗೆಳೆಯರೇ, ಮೀಸಲಾತಿ ವಿರುದ್ಧದ ಆ ಹಳೇ ವಾಟ್ಸಾಪ್ ಬರಹ ಮತ್ತೆ ಓಡಾಡ್ತಿದೆ. ಸಾರಾಂಶ ಇಷ್ಟೇ: ಅಂಬೇಡ್ಕರರೇ ಹತ್ತು ವರ್ಷ ಸಾಕು ಅಂದಿದ್ರು, ಇವತ್ತು ಮೇಲ್ಜಾತಿ ಬಡವರ ಮಗ 95 ಪರ್ಸೆಂಟ್ ತಗೊಂಡೂ ಮನೇಲಿ ಕೂತಿದ್ದಾನೆ, ಹಾಗಾಗಿ ಮೀಸಲಾತಿಯೇ ದೇಶಕ್ಕೆ ಶಾಪ.

ಮೂರು ಮಾತು, ಮೂರು ಹತಾರ. ಮೊದಲನೆಯದು ದೊಡ್ಡವರ ಹೆಸರು, ಎರಡನೆಯದು ಕಣ್ಣೀರು, ಮೂರನೆಯದು ತರ್ಕದ ವೇಷ.

ಹೆಸರು ನೋಡೋಣ. ಸಂವಿಧಾನದ 334ನೇ ವಿಧಿಯಲ್ಲಿ ಹತ್ತು ವರ್ಷದ ಮಿತಿ ಇದ್ದದ್ದು ಲೋಕಸಭೆ, ವಿಧಾನಸಭೆಗಳ ಮೀಸಲು ಸ್ಥಾನಗಳಿಗೆ. ಅದನ್ನೂ ಸಂಸತ್ತೇ ಮತ್ತೆ ಮತ್ತೆ ಮುಂದುವರಿಸಿದೆ, ಈಗ 2030ರವರೆಗೆ. ಉದ್ಯೋಗದ 16(4)ರಲ್ಲಾಗಲಿ, 1951ರಲ್ಲಿ ಸೇರಿದ ಶಿಕ್ಷಣದ 15(4)ರಲ್ಲಾಗಲಿ ಕಾಲಮಿತಿಯೇ ಇಲ್ಲ. ಬಾಬಾಸಾಹೇಬರನ್ನು ಒಪ್ಪದವರಿಗೂ ಅವರ ಸಹಿ ಬೇಕು, ನೋಡಿ!

ಇನ್ನು ಕಣ್ಣೀರು. ಆ ಹುಡುಗನ ಕಷ್ಟ ನಿಜವೇ ಇರಬಹುದು, ಅಣಕಿಸಬೇಡಿ. ಆದರೆ 2019ರಲ್ಲಿ ಆರ್ಥಿಕವಾಗಿ ಹಿಂದುಳಿದವರಿಗೆ ಅಂತ 10 ಪರ್ಸೆಂಟ್ ಕೊಟ್ಟಾಗ ಪರಿಶಿಷ್ಟರ, ಹಿಂದುಳಿದ ವರ್ಗದ ಬಡವರನ್ನು ಹೊರಗಿಟ್ಟರು. 2022ರಲ್ಲಿ ಸುಪ್ರೀಂ ಕೋರ್ಟ್ 3–2ರಲ್ಲಿ ಅದನ್ನು ಎತ್ತಿಹಿಡಿಯಿತು. ಬಡತನಕ್ಕೆ ಅಳೋ ಇವರ ಕಣ್ಣು ಆಗ ಯಾಕೆ ಒದ್ದೆಯಾಗಲಿಲ್ಲ?

ಕಡೆಗೆ ಆ 'ಹಾಗಾಗಿ'. ದುಡ್ಡು ಸುರಿದು ಮ್ಯಾನೇಜ್‌ಮೆಂಟ್ ಸೀಟು ಹಿಡಿದವರ ಮಾರ್ಕ್ಸ್ ಆ ಬರಹದಲ್ಲಿ ಯಾಕಿಲ್ಲ? ಸೀಟು ಕಡಿಮೆ, ಫೀಸು ಜಾಸ್ತಿ ಅನ್ನೋದು ಯಾಕಿಲ್ಲ? ನಾನು ದಿನಾ ಕಡತ ನೋಡೋ ಗುಮಾಸ್ತ. ಅರ್ಜಿ ಎಷ್ಟೇ ಮನಕರಗುವಂತಿರಲಿ, ಲಗತ್ತು ಎಲ್ಲಿ ಅಂತ ಕೇಳೋದೇ ನನ್ನ ಕೆಲಸ. ಈ ಅರ್ಜಿಗೆ ಲಗತ್ತೇ ಇಲ್ಲ.

ಈಗ ನಮ್ಮವರಿಗೂ ಒಂದು ಮಾತು. ಬಾಬಾಸಾಹೇಬರ ಫೋಟೊ ಹಾಕಿ ಕೆಳಗೆ ನಾಲ್ಕು ಬೈಗುಳ ಬರೆದರೆ ಅದು ಉತ್ತರವಲ್ಲ. ಅವರ ಹೆಸರನ್ನು ನಾವೂ ಅಗ್ಗಕ್ಕೆ ಬಳಸಿದಂತೆ. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಅವರ ಭಾಷಣದ ಮಾತುಗಳಿಗೆ ಹೆದರಿ ಸಮ್ಮೇಳನವನ್ನೇ ಕೈಬಿಟ್ಟಿತು. ಅವರು ಒಂದು ಅಲ್ಪವಿರಾಮವನ್ನೂ ಬದಲಿಸಲು ಒಪ್ಪದೆ ಸ್ವಂತ ಖರ್ಚಲ್ಲಿ ಅಚ್ಚು ಹಾಕಿಸಿದರು. ಅದನ್ನು ಓದಿ. ಜಾತಿ ಅಂದ್ರೆ ಕೆಲಸ ಹಂಚೋ ಏರ್ಪಾಡು ಅನ್ನೋ ಎದುರಾಳಿಯ ವಾದವನ್ನು ಮುಂದಿಟ್ಟುಕೊಂಡೇ ಎಳೆಎಳೆಯಾಗಿ ಬಿಚ್ಚುತ್ತಾರೆ. ಅದರಲ್ಲಿ ಸಿಟ್ಟೂ ಇದೆ, ಆದರೆ ಪ್ರತಿ ಸಿಟ್ಟಿನ ಹಿಂದೆ ಪುರಾವೆ ಇದೆ.

ಮುಂದಿನ ಫಾರ್ವರ್ಡ್ ಬಂದಾಗ ಮೂರೇ ಪ್ರಶ್ನೆ ಕೇಳಿ: ಯಾರ ಹೆಸರು ಎರವಲು ತಂದಿದ್ದಾರೆ? ಯಾರಿಗಾಗಿ ಅಳಿಸುತ್ತಿದ್ದಾರೆ, ಯಾರನ್ನು ಮರೆಸುತ್ತಿದ್ದಾರೆ? 'ಹಾಗಾಗಿ'ಗೆ ಮೊದಲು ಏನು ಬಿಟ್ಟಿದ್ದಾರೆ? ಇದೇ ಮೂರು ಪ್ರಶ್ನೆ ನಮ್ಮ ಪೋಸ್ಟಿಗೂ ಕೇಳಿ, ಈ ಪೋಸ್ಟಿಗೂ.

ಜೈ ಭೀಮ್.